ನನ್ನ ಮೂಳೆ ತಿಂದದ್ದು ಯಾರು ಡಾಕ್ಟ್ರೇ?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮುಕ್ಕಾಲು ಪಾಲು ಪತ್ರಗಳಲ್ಲಿ 'ಸವೆತ' ಅನ್ನೋ ಮಾತಿದೆ. ಮಂಡಿ ಸವೆದಿದೆ, ಬೆನ್ನು ಸವೆದಿದೆ, ಮೂಳೆ ಸವೆದಿದೆ, ದುಡ್ಡು ಕೊಟ್ಟು ಹಾಕಿಸಿಕೊಂಡ ಕೀಲೂ ಸವೆದಿದೆ. ತಪ್ಪು ನಿಮ್ಮದಲ್ಲ. ನಾವು ಡಾಕ್ಟರುಗಳೇ ಎಲ್ಲದಕ್ಕೂ 'ಸವೆತ ಕಣಮ್ಮ' ಅಂತ ಒಂದೇ ಮಾತು ಹೇಳಿ ಕಳಿಸಿಬಿಡುತ್ತೇವೆ.

ಆದರೆ ಇವೆಲ್ಲ ಬೇರೆ ಬೇರೆ. ಮಂಡಿ ಸವೆತ ಅಂದರೆ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರ ಸವೆಯೋದು. ಮೂಳೆಯೇ ಒಳಗಿಂದ ಟೊಳ್ಳಾಗುವುದು ಇನ್ನೊಂದು. ಕೃತಕ ಕೀಲಿನ ಸುತ್ತ ಮೂಳೆ ಕರಗುವುದು ಮೂರನೆಯದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇದು ಗೊತ್ತಿಲ್ಲದೆ ಎಲ್ಲರೂ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಾ ಕೂತಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಜಾಗ ಮೂಳೆಗೇ.

ಪ್ರಶ್ನೆ: ನನಗೆ 71 ವರ್ಷ. 17 ವರ್ಷದ ಹಿಂದೆ ಬಲ ಸೊಂಟದ ಕೀಲು ಬದಲಾಯಿಸಿಕೊಂಡೆ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ, ದಿನಾ ತೋಟಕ್ಕೆ ಹೋಗಿಬರುತ್ತಿದ್ದೆ. ಆರು ತಿಂಗಳಿಂದ ಕುರ್ಚಿಯಿಂದ ಎದ್ದ ಕೂಡಲೇ ನಾಲ್ಕೈದು ಹೆಜ್ಜೆ ತೊಡೆ ನೋಯುತ್ತದೆ, ಆಮೇಲೆ ಕಮ್ಮಿಯಾಗುತ್ತದೆ. ಎಕ್ಸ್‌ರೇ ನೋಡಿದ ಡಾಕ್ಟರು ಕೀಲಿನ ಸುತ್ತ ಮೂಳೆ ಕರಗಿದೆ, ಮತ್ತೆ ಆಪರೇಷನ್ ಬೇಕಾಗಬಹುದು ಅಂದರು. ನಾನು ಹುಟ್ಟಿದಾಗಿನಿಂದ ಹಾಲು, ರಾಗಿ ತಿಂದು ಬೆಳೆದವನು. ನನ್ನ ಮೂಳೆ ತಿಂದದ್ದು ಯಾರು ಡಾಕ್ಟ್ರೇ? ಕ್ಯಾಲ್ಸಿಯಂ ತಗೊಂಡರೆ ತುಂಬಿಕೊಳ್ಳುತ್ತಾ?
– ಹೆಸರು ಬೇಡ, ಚನ್ನಗಿರಿ

ಉತ್ತರ: ಯಜಮಾನರೇ, ಹಾಲು, ರಾಗಿಯದೇನೂ ತಪ್ಪಿಲ್ಲ. ನಿಮ್ಮ ಮೂಳೆ ತಿಂದದ್ದು ನಿಮ್ಮದೇ ಮೈ. ತಿನ್ನೋಕೆ ಎಬ್ಬಿಸಿದ್ದು ಪ್ಲಾಸ್ಟಿಕ್ ಪುಡಿ.

ಬಿಡಿಸಿ ಹೇಳುತ್ತೇನೆ. ಸೊಂಟದ ಕೀಲು ಅಂದರೆ ಒಂದು ಒರಳು, ಒಂದು ಗುಂಡು. ನಿಮಗೆ ಹಾಕಿರುವ ಒರಳಿನ ಒಳಮೈಗೆ ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪದರ ಇರುತ್ತದೆ. ಗುಂಡು ಲೋಹದ್ದು, ಇಲ್ಲವೇ ಪಿಂಗಾಣಿಯದು. ತೋಟ ಸುತ್ತುವ ಮನುಷ್ಯ ವರ್ಷಕ್ಕೆ ಹತ್ತಿಪ್ಪತ್ತು ಲಕ್ಷ ಹೆಜ್ಜೆ ಹಾಕುತ್ತಾನೆ. ಹೆಜ್ಜೆ ಹೆಜ್ಜೆಗೂ ಗುಂಡು ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಪುಡಿ ಉದುರುತ್ತದೆ. ಹೊಸ ಒರಳಲ್ಲಿ ರುಬ್ಬಿದರೆ ಹಿಟ್ಟಿನಲ್ಲಿ ಕಲ್ಲುಪುಡಿ ಬರುತ್ತಿತ್ತಲ್ಲ, ಹಾಗೆ. ಆದರೆ ಇದು ಕಣ್ಣಿಗೆ ಕಾಣುವ ಪುಡಿ ಅಲ್ಲ. ಹೆಚ್ಚಿನ ಚೂರುಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ.

ನಮ್ಮ ಮೈಯಲ್ಲಿ ಕಾವಲು ಕಾಯುವ ಜೀವಕೋಶಗಳಿವೆ. ಹೊರಗಿನದು ಏನು ಕಂಡರೂ ನುಂಗಿ ಅರಗಿಸುವುದು ಅವುಗಳ ಕೆಲಸ. ಈ ಪುಡಿಯನ್ನೂ ನುಂಗುತ್ತವೆ. ಅರಗೋದಿಲ್ಲ. ಅರಗದೆ ಒದ್ದಾಡುತ್ತಾ ಒಂದಷ್ಟು ರಾಸಾಯನಿಕ ಕಾರುತ್ತವೆ, ಆ ರಾಸಾಯನಿಕ ಹೋಗಿ ಮೂಳೆ ಒಡೆಯುವ ಕೋಶಗಳನ್ನು ಕೆಣಕುತ್ತದೆ. ಮೂಳೆ ಕಲ್ಲಲ್ಲ, ಗೊತ್ತಲ್ವಾ? ಅಲ್ಲಿ ದಿನಾ ಒಂದು ಗುಂಪು ಒಡೆಯುತ್ತಿರುತ್ತದೆ, ಹಿಂದೆಯೇ ಇನ್ನೊಂದು ಗುಂಪು ಕಟ್ಟುತ್ತಿರುತ್ತದೆ. ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಮೂಳೆ ಹೀಗೆ ಹೊಸದಾಗುತ್ತದೆ. ಪುಡಿ ಬಿದ್ದ ಜಾಗದಲ್ಲಿ ಒಡೆಯುವವರ ಕೈ ಮೇಲಾಗುತ್ತದೆ, ಕಟ್ಟುವವರು ಹಿಂದೆ ಬೀಳುತ್ತಾರೆ. ಮೂಳೆ ಕರಗುತ್ತದೆ, ಹಿಡಿತ ಹೋಗುತ್ತದೆ, ಕೀಲು ಅಲುಗಾಡುತ್ತದೆ. ಎದ್ದ ಕೂಡಲೇ ನಾಲ್ಕು ಹೆಜ್ಜೆ ನೋವು, ಆಮೇಲೆ ಹಗುರ ಅಂದಿರಲ್ಲ, ಸಡಿಲವಾದ ಕೀಲು ಹೇಳುವ ಮಾತೇ ಅದು. ನೀವು ಎದ್ದು ಭಾರ ಬಿಟ್ಟಾಗ ಅದು ಒಳಗೆ ಕೂರಲು ಜಾಗ ಹುಡುಕುತ್ತಿರುತ್ತದೆ.

ಒರಳಿನ ಒಳಗೆ ಕೂರುವ ಅಂಥ ಒಂದು ಹಳೇ ಪ್ಲಾಸ್ಟಿಕ್ ಬಟ್ಟಲನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ, ತೋರಿಸೋಕೆ. ಅಂಗೈಯಲ್ಲಿ ಹಿಡಿಯುವಷ್ಟು. ಒಂದು ಮಗ್ಗುಲು ಹಾಕಿದ ದಿನ ಇದ್ದಷ್ಟೇ ದಪ್ಪ ಇದೆ. ಇನ್ನೊಂದು ಮಗ್ಗುಲಲ್ಲಿ ಗುಂಡು ಮೇಲಕ್ಕೆ ಒತ್ತಿ ಒತ್ತಿ ತನ್ನದೇ ಗುಳಿ ಕೊರೆದುಕೊಂಡಿದೆ, ಅಲ್ಲಿ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ನಿಮ್ಮ ಎಕ್ಸ್‌ರೇಯಲ್ಲೂ ನೋಡಿ. ಗುಂಡು ಬಟ್ಟಲಿನ ನಡುವೆ ಇರಬೇಕು. ಮೇಲಕ್ಕೆ ಸರಿದಿದ್ದರೆ ಅಷ್ಟು ಪ್ಲಾಸ್ಟಿಕ್ ಪುಡಿಯಾಗಿ ಹೋಗಿದೆ ಎಂದೇ ಲೆಕ್ಕ. ವರ್ಷಕ್ಕೆ 0.1 ಮಿಲಿಮೀಟರಿಗಿಂತ ಕಮ್ಮಿ ಸವೆದರೆ ಮೂಳೆ ಕರಗುವುದು ಅಪರೂಪ. ಅದಕ್ಕಿಂತ ಜಾಸ್ತಿಯಾದಂತೆಲ್ಲ ತೊಂದರೆಯೂ ಜಾಸ್ತಿ.

ಈ ಕಳ್ಳನನ್ನು ಹಿಡಿಯೋಕೆ ನಮ್ಮವರಿಗೂ ಬಹಳ ಕಾಲ ಬೇಕಾಯಿತು. ಇಂಗ್ಲೆಂಡಿನ ಮೂಳೆ ಸರ್ಜನ್ ಜಾನ್ ಚಾರ್ನ್ಲಿ ಮೊದಮೊದಲು ಟೆಫ್ಲಾನ್ ಬಟ್ಟಲು ಹಾಕುತ್ತಿದ್ದರು, ನಮ್ಮ ನಾನ್‌ಸ್ಟಿಕ್ ತವಾ ಮೇಲೆ ಬಳಿದಿರುತ್ತಲ್ಲ, ಅದೇ ಟೆಫ್ಲಾನ್. ಎರಡು ಮೂರು ವರ್ಷಕ್ಕೇ ಸವೆದು ಸುತ್ತ ಗಂಟು ಕಟ್ಟಿತು. ಮಾಡಿದ ಆಪರೇಷನ್‌ಗಳನ್ನು ತಾನೇ ಬಿಚ್ಚಬೇಕಾಯಿತು. ಆ ಮನುಷ್ಯ ಟೆಫ್ಲಾನ್ ಚೂರನ್ನು ತನ್ನ ತೊಡೆಯೊಳಗೇ ಇಟ್ಟುಕೊಂಡು ಏನಾಗುತ್ತದೆ ನೋಡಿದರು! 1962ರಲ್ಲಿ ಪಾಲಿಎಥಿಲೀನ್ ಹಾಕಲು ಶುರು ಮಾಡಿದರು, ಅದು ನಿಂತಿತು. ಆದರೆ ವರ್ಷಗಳು ಕಳೆದ ಮೇಲೆ ಅದರ ಸುತ್ತಲೂ ಮೂಳೆ ಕರಗುವುದು ಕಂಡಿತು. ಆಗ ಎಲ್ಲರೂ ಬೈದದ್ದು ಕೀಲು ಕೂರಿಸುವ ಸಿಮೆಂಟನ್ನು. 'ಸಿಮೆಂಟ್ ಕಾಯಿಲೆ' ಎಂದು ಹೆಸರೂ ಇಟ್ಟರು. ಸಿಮೆಂಟೇ ಇಲ್ಲದ ಕೀಲು ಹಾಕಿದರೂ ಮೂಳೆ ಕರಗಿದ ಮೇಲೆ ತಾನೇ ಗೊತ್ತಾಗಿದ್ದು, ಮುಖ್ಯ ಕಳ್ಳ ಪ್ಲಾಸ್ಟಿಕ್ ಪುಡಿ ಅಂತ. 1990ರ ದಶಕದ ಕೊನೆಗೆ ವಿಕಿರಣ ಹಾಯಿಸಿ ಇನ್ನಷ್ಟು ಗಟ್ಟಿ ಮಾಡಿದ ಪಾಲಿಎಥಿಲೀನ್ ಬಂತು. ಈಗ ಹಾಕಿಸಿಕೊಳ್ಳುವವರಿಗೆ ಈ ಕಾಟ ಬಹಳ ಕಡಿಮೆ. ನಿಮ್ಮ ಕಾಲಕ್ಕೆ ಹಳೆಯದೂ ನಡೆಯುತ್ತಿತ್ತು, ಹೊಸದೂ ನಡೆಯುತ್ತಿತ್ತು. ಯಾವುದು ಹಾಕಿದ್ದಾರೆ ಎಂಬುದು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಹುಡುಕಿ.

ಈಗ ಮಾಡಬೇಕಾದ್ದು. ಕ್ಯಾಲ್ಸಿಯಂ ಈ ಗುಳಿಯನ್ನು ತುಂಬುವುದಿಲ್ಲ, ಕರಗುವುದನ್ನು ನಿಲ್ಲಿಸುತ್ತದೆ ಎಂದು ನೆಚ್ಚುವಂಥ ಬೇರೆ ಮಾತ್ರೆಯೂ ಇವತ್ತಿನವರೆಗೆ ಇಲ್ಲ. ಮೊದಲು ಸೋಂಕು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಯಾಕೆಂದರೆ ಒಳಗೆ ಮೆಲ್ಲಗೆ ಕೂತ ಸೋಂಕು ಕೂಡ ಎಕ್ಸ್‌ರೇಯಲ್ಲಿ ಹೀಗೇ ಕಾಣಬಹುದು, ಅದರ ದಾರಿಯೇ ಬೇರೆ. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ (ಒಳಗೆ ಉರಿಯೂತ ಇದ್ದರೆ ಏರುವ ಅಂಕಿಗಳು) ನೋಡುತ್ತಾರೆ, ಬೇಕಾದರೆ ಸೂಜಿ ಹಾಕಿ ಕೀಲಿನ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಆಮೇಲೆ ಸಿಟಿ ಸ್ಕ್ಯಾನ್. ಮೂಳೆಗೆ ಕೂರಿಸಿದ ಹೊರಗಿನ ಬಟ್ಟಲು ಇನ್ನೂ ಬಿಗಿಯಾಗಿದ್ದರೆ ಒಳಗಿನ ಪ್ಲಾಸ್ಟಿಕ್ ಪದರ ಮತ್ತು ಗುಂಡು ಬದಲಾಯಿಸಿದರೆ ಸಾಕಾಗಬಹುದು. ಸಡಿಲವಾಗಿದ್ದರೆ ಪೂರ್ತಿ ತೆಗೆದು, ಗುಳಿಗೆ ಮೂಳೆ ತುಂಬಿ ಹೊಸದು ಕೂರಿಸಬೇಕು. 'ಇನ್ನೂ ನಡೆದಾಡ್ತಿದ್ದೀನಲ್ಲ' ಅಂತ ತಳ್ಳಬೇಡಿ. ಇದು ಗೆದ್ದಲು ಹಿಡಿದ ಬಾಗಿಲ ಚೌಕಟ್ಟು. ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ, ಒಂದು ದಿನ ಬೆರಳು ಒತ್ತಿದರೆ ಒಳಕ್ಕೆ ಹೋಗುತ್ತದೆ. ಮೂಳೆ ಕರಗಿದಷ್ಟೂ ಮುಂದಿನ ಆಪರೇಷನ್ ಕಷ್ಟ.

ಒಂದು ಕೇಳಲೇ? 17 ವರ್ಷದಲ್ಲಿ ಎಷ್ಟು ಸಲ ಎಕ್ಸ್‌ರೇ ತೆಗೆಸಿದ್ದಿರಿ? ನೋವಿಲ್ಲದಿದ್ದರೂ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತೆಗೆಸಿದ್ದರೆ ಪದರ ಬದಲಾಯಿಸುವ ಹೊತ್ತಿಗೇ ಸಿಕ್ಕಿಬೀಳುತ್ತಿತ್ತೇನೋ. ಬೈಯ್ಯೋಕೆ ಹೇಳಿದ್ದಲ್ಲ, ಇದನ್ನು ಓದುತ್ತಿರುವ ಬೇರೆಯವರಿಗೆ ಹೇಳಿದ್ದು.

ಪ್ರಶ್ನೆ: 2009ರಲ್ಲಿ ನಮ್ಮ ಅಣ್ಣನಿಗೆ ಲೋಹದ ಬಟ್ಟಲು, ಲೋಹದ ಗುಂಡು ಇರುವ ಸೊಂಟದ ಕೀಲು ಹಾಕಿದ್ದಾರೆ. ಪ್ಲಾಸ್ಟಿಕ್ಕೇ ಇಲ್ಲ, ಆದ್ದರಿಂದ ಸವೆಯಲ್ಲ ಅಲ್ವಾ?
– ಓದುಗ, ಹುಬ್ಬಳ್ಳಿ

ಉತ್ತರ: ಹಾಗಂತಲೇ ಎಲ್ಲರೂ ನಂಬಿದ್ದರು. ಲೋಹದ ಮೇಲೆ ಲೋಹ ಉಜ್ಜಿದರೂ ಪುಡಿ ಬರುತ್ತದೆ, ಜೊತೆಗೆ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೂ ಸೇರುತ್ತದೆ. ಕೀಲಿನ ಸುತ್ತ ಮೂಳೆ ಮಾತ್ರವಲ್ಲ, ಮಾಂಸವೂ ಕೊಳೆಯಬಹುದು. ಈ ಜಾತಿಯ ಕೀಲುಗಳಲ್ಲಿ ಒಂದಾದ ಎಎಸ್‌ಆರ್ ಅನ್ನು ಡೆಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಅದನ್ನು ಹಾಕಿಸಿಕೊಂಡು ತೊಂದರೆಪಟ್ಟವರಿಗೆ ಪರಿಹಾರದ ಲೆಕ್ಕಾಚಾರವನ್ನು ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿತು. ನಿಮ್ಮ ಅಣ್ಣನದು ಯಾವ ಹೆಸರಿನದು ಎಂದು ಹಳೇ ಕಾಗದ ನೋಡಿ. ಯಾವುದೇ ಆಗಲಿ, ನೋವಿಲ್ಲದಿದ್ದರೂ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಪರೀಕ್ಷೆ ಮಾಡಿಸಿ. ಲೀಟರಿಗೆ 7 ಮೈಕ್ರೋಗ್ರಾಂ ದಾಟಿದ್ದರೆ ಇನ್ನೂ ಹತ್ತಿರದಿಂದ ನೋಡಬೇಕಾಗುತ್ತದೆ, ಲೋಹ ಇರುವವರಿಗಾಗಿ ಬೇರೆ ಬಗೆಯ ಎಂಆರ್‌ಐ ಇದೆ. ಪಿಂಗಾಣಿ ಗುಂಡು ಇರುವವರು ಹೆದರಬೇಡಿ, ಈ ಮಾತು ನಿಮಗಲ್ಲ.

ಪ್ರಶ್ನೆ: ಅಮ್ಮನಿಗೆ ಎರಡೂ ಮಂಡಿ ಬದಲಾಯಿಸಿದ್ದೇವೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂರಲೇಬೇಕು ಅಂತ ಹಟ. ಕೂರಬಹುದಾ? ಎಷ್ಟು ವರ್ಷ ಬಾಳುತ್ತೆ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಒಂದು ದಿನ ಕೂತರೆ ಮುಳುಗಿಹೋಗಲ್ಲ, ಆದರೆ ದಿನಾ ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕೂರುವುದು ಬೇಡ. ಮಂಡಿ ಪೂರ್ತಿ ಮಡಚಿದಾಗ ಭಾರವೆಲ್ಲ ಪ್ಲಾಸ್ಟಿಕ್ಕಿನ ಹಿಂದಿನ ಅಂಚಿನ ಮೇಲೆ ಬೀಳುತ್ತದೆ. ಎಲೆ ಊಟ ಟೇಬಲ್ ಮೇಲೂ ರುಚಿಯಾಗೇ ಇರುತ್ತೆ ಅಂತ ಹೇಳಿ. ಬಾಳಿಕೆಗೆ ಹೆದರಬೇಡಿ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಾಯಿಸಿದ 100 ಮಂಡಿಗಳಲ್ಲಿ ಸುಮಾರು 82 ಮಂಡಿ 25 ವರ್ಷ ಬಾಳಿವೆ. ಸೊಂಟದ್ದು 58.

ಪ್ರಶ್ನೆ: ನಮ್ಮಮ್ಮನಿಗೆ 58. ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೆ ಮಣಿಕಟ್ಟು ಮುರಿಯಿತು. ರಕ್ತದಲ್ಲಿ ಕ್ಯಾಲ್ಸಿಯಂ 9.4, ನಾರ್ಮಲ್. ಪಾರ್ಕಿನ ಉಚಿತ ಶಿಬಿರದಲ್ಲಿ ಮೂಳೆ ನೋಡುವ ಮೆಷಿನ್‌ಗೆ ಹಿಮ್ಮಡಿ ಇಟ್ಟಾಗಲೂ 'ಪರವಾಗಿಲ್ಲ' ಅಂದಿದ್ದರು. ಹಾಗಿದ್ದರೆ ಮೂಳೆ ಚೆನ್ನಾಗಿದೆ ಅಂತ ತಾನೇ? 38ನೇ ವಯಸ್ಸಿಗೇ ಗರ್ಭಕೋಶ ತೆಗೆಸಿದ್ದರು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೇನೆ.
– ಮಗಳು, ಮೈಸೂರು

ಉತ್ತರ: ಕೊನೆಯ ಸಾಲಲ್ಲಿ ಸುಮ್ನೆ ಹಾಗೇ ಬರೆದಿದ್ದೀಯಲ್ಲಮ್ಮ, ಅಲ್ಲೇ ಇರೋದು ವಿಷಯ.

ಮೊದಲು ಕ್ಯಾಲ್ಸಿಯಂ. ಮನೆಯಲ್ಲಿ ದಿನಾ ಅನ್ನ ಬೇಯುತ್ತಿದೆ ಅಂದ ಮಾತ್ರಕ್ಕೆ ಕಣಜ ತುಂಬಿದೆ ಎಂದಲ್ಲ. ಹೃದಯ, ನರ, ಮಾಂಸಖಂಡ ನಡೆಯಬೇಕಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಅಳತೆಗೆ ಸರಿಯಾಗಿರಬೇಕು. ಕಮ್ಮಿ ಬಿದ್ದರೆ ಮೈ ಮೂಳೆಯಿಂದ ಬಗೆದು ತಂದಾದರೂ ಸರಿದೂಗಿಸುತ್ತದೆ. ಹಾಗಾಗಿ ಮೂಳೆ ಟೊಳ್ಳಾದವರಲ್ಲೂ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ನಾರ್ಮಲ್ಲೇ ಬರೋದು. ಹಿಮ್ಮಡಿ ಮೆಷಿನ್ ಬರೀ ಅಂದಾಜಿಗೆ. ಅದು ಪರವಾಗಿಲ್ಲ ಅಂದರೂ ನಂಬಿ ಕೂರಬೇಡಿ, ಹೆದರಿಸಿದರೂ ಅಲ್ಲೇ ಮಾರುವ ಡಬ್ಬ ಕೊಳ್ಳಬೇಡಿ.

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಅದೇ ದೊಡ್ಡ ಸುಳಿವು. ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಮೂಳೆ ಎಷ್ಟು ದಟ್ಟವಾಗಿದೆ ಎಂದು ಅಳೆಯುವುದು ಅದು. ಹತ್ತು ಹದಿನೈದು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ಅದರಲ್ಲಿ ಟಿ-ಸ್ಕೋರ್ ಅಂತ ಬರುತ್ತದೆ. ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳು, ನಡುವೆ ಇದ್ದರೆ ಆ ದಾರಿಯಲ್ಲಿದೆ. (ಪಾವಗಡದ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದವರಿಗೆ ಈ ಸ್ಕೋರ್ ಮೋಸ ಮಾಡಬಹುದು. ಮೂಳೆ ದಟ್ಟವಾಗಿ ಕಾಣುತ್ತದೆ, ಗಟ್ಟಿ ಇರುವುದಿಲ್ಲ.)

ಇನ್ನು ಗರ್ಭಕೋಶ. ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಅಂಡಾಶಯವನ್ನೂ ಜೊತೆಗೆ ತೆಗೆದಿದ್ದಾರಾ ನೋಡಮ್ಮ. ಅಂಡಾಶಯದಲ್ಲಿ ಬರುವ ಈಸ್ಟ್ರೋಜನ್ ಮೂಳೆ ಒಡೆಯುವ ಕೋಶಗಳಿಗೆ ಹಾಕಿದ ಮೂಗುದಾರ. ಮುಟ್ಟು ನಿಂತಾಗ ಅದು ಕಳಚುತ್ತದೆ, ಮುಂದಿನ ಐದಾರು ವರ್ಷ ಮೂಳೆ ಜೋರಾಗಿ ಕರಗುತ್ತದೆ. ಸಾಮಾನ್ಯವಾಗಿ 46-47ರ ಸುಮಾರಿಗೆ ಆಗಬೇಕಾದದ್ದು ನಿಮ್ಮಮ್ಮನಿಗೆ 38ಕ್ಕೇ ಆಗಿದ್ದರೆ 20 ವರ್ಷದಿಂದ ಕಣಜ ಖಾಲಿಯಾಗುತ್ತಿದೆ. ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದವರಿಗೆ, ಇನ್ನು ಮಕ್ಕಳು ಬೇಡವಲ್ಲ ಅಂತ ಮೂವತ್ತು ಚಿಲ್ಲರೆ ವಯಸ್ಸಿಗೇ ಎಲ್ಲ ತೆಗೆದು ಕಳಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ನನಗೆ ಇದರ ಮೇಲೆ ಬಹಳ ಸಿಟ್ಟು. ತೆಗೆಯುವವರು ಮೂಳೆಯ ಬಗ್ಗೆ ಒಂದು ಮಾತೂ ಹೇಳಿರುವುದಿಲ್ಲ, ಬಿಲ್ಲು ಬರುವುದು 20 ವರ್ಷದ ಮೇಲೆ, ಬಚ್ಚಲುಮನೆಯಲ್ಲಿ.

ಸ್ಕ್ಯಾನ್ ಜೊತೆ ಥೈರಾಯ್ಡ್, ವಿಟಮಿನ್ ಡಿ, ಕಿಡ್ನಿ, ಪ್ಯಾರಾಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಮಾತ್ರೆ ಡೋಸು ಜಾಸ್ತಿಯಾದರೂ ಮೂಳೆ ಕರಗುತ್ತದೆ. ಮೂಳೆ ಟೊಳ್ಳಾಗಿದೆ ಅಂತ ವಾರಕ್ಕೊಂದು ಮಾತ್ರೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಕಾಫಿಯೂ ಇಲ್ಲ. ಆರು ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡಿದರೆ ಅದನ್ನು ಮರೆತು ಬಿಡುವ ಹಾಗಿಲ್ಲ, ನಡುವೆ ಬಿಟ್ಟರೆ ಬೆನ್ನುಮೂಳೆ ಸಾಲಾಗಿ ಕುಸಿದವರಿದ್ದಾರೆ.

ಪ್ರಶ್ನೆ: ಮಂಡಿನೋವಿಗೆ ನಮ್ಮೂರ ಹತ್ತಿರ ಒಬ್ಬರು ಪುಡಿ ಕೊಡುತ್ತಾರೆ. ಎರಡೇ ದಿನಕ್ಕೆ ನೋವು ಮಾಯ, ಹಸಿವೂ ಚೆನ್ನಾಗಿದೆ. ಎಂಟು ತಿಂಗಳಿಂದ ತಗೊಳ್ತಿದ್ದೇನೆ. ಮುಖ ಮಾತ್ರ ಊದಿಕೊಂಡಿದೆ. ನಿಲ್ಲಿಸಬೇಕಾ?
– ರೈತ, ಸಿಂಧನೂರು

ಉತ್ತರ: ಎರಡು ದಿನಕ್ಕೆ ನೋವು ಮಾಯ, ಹಸಿವು ಜಾಸ್ತಿ, ಮುಖ ಚಂದ್ರನ ಹಾಗೆ ದುಂಡಗೆ. ಇದು ಸ್ಟೀರಾಯ್ಡ್ ಬೆರೆಸಿದ ಪುಡಿ ಎಂದು ನನಗೆ ಬಲವಾದ ಅನುಮಾನ. ಸ್ಟೀರಾಯ್ಡ್ ಮೂಳೆ ಕಟ್ಟುವ ಕೋಶಗಳನ್ನೇ ಮಲಗಿಸಿಬಿಡುತ್ತದೆ, ಮೊದಲ ಮೂರರಿಂದ ಆರು ತಿಂಗಳಲ್ಲೇ ಹೆಚ್ಚು ಹಾನಿ. ತೊಡೆಮೂಳೆಯ ಮೇಲ್ತುದಿಯ ಗುಂಡಿನ ಭಾಗಕ್ಕೆ ರಕ್ತ ಹರಿಯುವುದು ನಿಂತು ಅದು ಸಾಯುವುದೂ ಉಂಟು, ಆಗ ನಲವತ್ತರಲ್ಲೇ ಸೊಂಟದ ಕೀಲು ಬದಲಾಯಿಸಬೇಕಾಗುತ್ತದೆ. ಆದರೆ ದಯವಿಟ್ಟು ಇವತ್ತೇ ಏಕ್‌ದಂ ನಿಲ್ಲಿಸಬೇಡಿ! ಇಷ್ಟು ದಿನ ಹೊರಗಿಂದ ಬಂದದ್ದರಿಂದ ನಿಮ್ಮ ಮೈ ತನ್ನ ಸ್ಟೀರಾಯ್ಡ್ ಮಾಡುವುದನ್ನೇ ಮರೆತಿರುತ್ತದೆ, ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಬರಬಹುದು. ಪುಡಿಯ ಪೊಟ್ಟಣ ಸಮೇತ ಈ ವಾರವೇ ಫಿಸಿಶಿಯನ್ ಹತ್ತಿರ ಹೋಗಿ, ಅವರು ಮೆಲ್ಲಗೆ ಇಳಿಸುತ್ತಾರೆ. ಬೈಯುತ್ತಾರೆ ಅಂತ ಪೊಟ್ಟಣ ಮುಚ್ಚಿಡಬೇಡಿ.

ಪ್ರಶ್ನೆ: ವಿಟಮಿನ್ ಡಿ ಕಮ್ಮಿ ಅಂತ 60,000ದ ಪುಡಿ ಬರೆದುಕೊಟ್ಟರು. ಬೇಗ ಸರಿಯಾಗಲಿ ಅಂತ ಎರಡು ತಿಂಗಳಿಂದ ದಿನಾ ಒಂದು ಹಾಲಿಗೆ ಹಾಕಿಕೊಂಡು ಕುಡಿಯುತ್ತಿದ್ದೇನೆ.
– ಟೀಚರ್, ಉಡುಪಿ

ಉತ್ತರ: ಇಲ್ಲಿವರೆಗೆ ಓದಿ ಪತ್ರಿಕೆ ಕೆಳಗಿಡಿ, ಪುಡಿ ನಿಲ್ಲಿಸಿ, ನಾಳೆಯೇ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು), ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಅದು ಸಾಮಾನ್ಯವಾಗಿ ವಾರಕ್ಕೊಂದು ಬರೆಯುವ ಪುಡಿ. ಜಾಸ್ತಿಯಾದರೆ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತದೆ. ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು ಏನಾದರೂ ಇದ್ದರೆ ನಾಳೆಯೂ ಬೇಡ, ಇವತ್ತೇ ಹೋಗಿ.

ಪ್ರಶ್ನೆ: ಮೂರು ಹೊತ್ತೂ ಮುದ್ದೆ ತಿನ್ನೋ ಮಂಡ್ಯದವರು ನಾವು. ಎಲೆ ಅಡಿಕೆಗೆ ಸುಣ್ಣ ಬೇರೆ. ನಮಗೂ ಈ ಕಾಯಿಲೆ ಬರುತ್ತಾ?
– ಮುದ್ದೆಪ್ರಿಯ, ಮದ್ದೂರು

ಉತ್ತರ: ಬರುತ್ತೆ ಸ್ವಾಮಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದೇ ರಾಜ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1,000 ಮಿಲಿಗ್ರಾಂ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಮೊಳಕೆ ಕಟ್ಟಿದ ರಾಗಿ ಈ ವಿಷಯದಲ್ಲಿ ಮೇಲು. ಮುದ್ದೆ ಬಿಡಬೇಡಿ, ಜೊತೆಗೆ ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳು ಇರಲಿ, ಬಿಸಿಲಲ್ಲಿ ಓಡಾಟ ಇರಲಿ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಅದರ ನೆಪದಲ್ಲಿ ಅಡಿಕೆ, ಹೊಗೆಸೊಪ್ಪು ಒಳಗೆ ಹೋಗೋದು ಬೇಡ. ಬಾಯಿ ಕ್ಯಾನ್ಸರ್ ಮೂಳೆಗಿಂತ ಮುಂಚೆ ಬರುತ್ತದೆ.

ಪ್ರಶ್ನೆ: ಅತ್ತೆಗೆ 74. ಮೊದಲು ಅಡುಗೆಮನೆ ಗೂಡಿನಿಂದ ತಾವೇ ಡಬ್ಬ ಇಳಿಸುತ್ತಿದ್ದರು, ಈಗ ಎಟುಕುತ್ತಿಲ್ಲ. ಸೀರೆಯೂ ನೆಲಕ್ಕೆ ತಾಗುತ್ತದೆ. ನೋವೇನೂ ಇಲ್ಲವಂತೆ. ವಯಸ್ಸಾದ ಮೇಲೆ ಹೀಗೇನಾ?
– ಸೊಸೆ, ಶಿರಸಿ

ಉತ್ತರ: ನೋಡಿ, ಇದನ್ನು ಡಾಕ್ಟರು ಗಮನಿಸುವ ಮೊದಲು ಸೊಸೆ ಗಮನಿಸಿದ್ದಾಳೆ. ಸ್ವಲ್ಪ ಕುಗ್ಗುವುದು ವಯಸ್ಸಿನದೇ, ಆದರೆ ಒಂದೂವರೆ ಇಂಚಿಗಿಂತ ಜಾಸ್ತಿ ಕುಗ್ಗಿದ್ದರೆ ಬೆನ್ನುಮೂಳೆಯ ಬಿಲ್ಲೆಗಳು ಸದ್ದಿಲ್ಲದೆ ಕುಸಿದಿರಬಹುದು. ಅರ್ಧಕ್ಕಿಂತ ಹೆಚ್ಚು ಸಲ ಇದು ನೋವೇ ಇಲ್ಲದೆ ಆಗುತ್ತದೆ. ಮಗ್ಗುಲಿಂದ ತೆಗೆದ ಬೆನ್ನಿನ ಒಂದು ಎಕ್ಸ್‌ರೇ ಸಾಕು, ಗೊತ್ತಾಗುತ್ತದೆ. ಡಬ್ಬಗಳನ್ನು ಇವತ್ತೇ ಕೆಳಗಿನ ಗೂಡಿಗೆ ಇಳಿಸಿ, ಅವರು ಸ್ಟೂಲ್ ಹತ್ತುವುದು ಬೇಡ. ಅತ್ತೆಯನ್ನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನೆತ್ತಿಯ ಮೇಲೆ ಸ್ಕೇಲು ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮೊಮ್ಮಕ್ಕಳ ಗೆರೆಗಳೂ ಅಲ್ಲೇ ಎಲ್ಲೋ ಇರಬೇಕಲ್ಲ? ಆರು ತಿಂಗಳಿಗೆ ಇನ್ನೊಂದು ಎಳೆದು ನೋಡಿ, ಎಷ್ಟು ಬಂತು ಅಂತ ನನಗೆ ಬರೆಯಿರಿ.